ಎಡಿನ್‌ಬರಾಗೆ ಓದಲು ಬರುವ ಕೊಡಗಿನವರಿಗೆ: ಬಣ್ಣದ ಬಗ್ಗೆ ಎರಡು ಮಾತು

ಊರಿನಿಂದ ಇಲ್ಲಿಗೆ ಓದಲು ಬರುವವರು ಮೊದಲು ಕೇಳುವುದು ಕುಕ್ಕರ್ ತರಬೇಕಾ ಅಂತ. ತನ್ನಿ. ಬ್ಯಾಂಕ್ ಖಾತೆ, ಡಾಕ್ಟರ್ ಹತ್ತಿರ ಹೆಸರು ನೋಂದಣಿ ಎಲ್ಲ ಮೊದಲ ವಾರವೇ ಮುಗಿಸಿಬಿಡಿ. ಮಳೆಗೆ ಹೆದರಬೇಡಿ, ನಮ್ಮ ಕಕ್ಕಡ ತಿಂಗಳ ಜಡಿಮಳೆ ಕಂಡವರಿಗೆ ಇದು ಬರೀ ತುಂತುರು. ಹೆದರಬೇಕಾದ್ದು ಡಿಸೆಂಬರಿಗೆ. ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆ ಕತ್ತಲು ಕಳೆಯಲೆಂದೇ ನಾನು ವಾಟರ್ ಕಲರ್ ಹಿಡಿದದ್ದು.

ಮೊದಲ ತಪ್ಪು ಕಾಗದದ್ದು. ಬಣ್ಣಕ್ಕೆ ದುಡ್ಡು ಸುರಿದು, ಪ್ರಿಂಟರ್ ಹಾಳೆಯ ಮೇಲೆ ಹಚ್ಚಿದೆ. ಹಾಳೆ ಹಪ್ಪಳದ ಹಾಗೆ ಸೊಟ್ಟಗಾಯಿತು, ತಗ್ಗಿನಲ್ಲೆಲ್ಲ ಬಣ್ಣ ಕೆರೆ ಕಟ್ಟಿತು. ಇಡೀ ಚಳಿಗಾಲ ಸುಮ್ನೆ ನನ್ನ ಕೈಯನ್ನೇ ಬೈದುಕೊಂಡೆ. ನೀವು ಉಲ್ಟಾ ಮಾಡಿ. ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಕಾಗದ ಮಾತ್ರ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪದ್ದು ಇರಲಿ. ಹತ್ತಿಯದ್ದಾದರೆ ಇನ್ನೂ ಒಳ್ಳೆಯದು.

ಎರಡನೆಯದು ನೆನೆದರೆ ಈಗಲೂ ನಾಚಿಕೆ. ಸಂಜೆ ಕ್ಲಾಸಿನಲ್ಲಿ ನಿಮ್ಮೂರಿನದು ಏನಾದರೂ ಬರೆಯಿರಿ ಅಂದರು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗುತ್ತದಲ್ಲ, ಅದನ್ನೇ ಬರೆಯೋಣ ಅಂತ ಕೂತೆ. ಕಡು ಹಸಿರು ಬಳಿದು ಮೇಲೆ ಬಿಳಿ ಟ್ಯೂಬ್ ಹಿಂಡಿದೆ. ಗಿಡದ ಮೇಲೆ ಯಾರೋ ಮಜ್ಜಿಗೆ ಚೆಲ್ಲಿದ ಹಾಗಿತ್ತು. ಇದರಲ್ಲಿ ಬಿಳಿ ಅಂದರೆ ಕಾಗದವೇ ಅಂತ ಟೀಚರ್ ಹೇಳಿಕೊಟ್ಟರು. ಹೂವಿನ ಜಾಗ ಹಾಗೇ ಬಿಟ್ಟು ಸುತ್ತಲಿನ ಎಲೆಗೆ ಬಣ್ಣ ಹಚ್ಚಬೇಕು. ತಿಳಿಯಿಂದ ಗಾಢಕ್ಕೆ ಹೋಗಬೇಕು, ವಾಪಸ್ ಬರುವುದು ಕಷ್ಟ. ಡಬ್ಬಿಯ ಹಸಿರಂತೂ ಪ್ಲಾಸ್ಟಿಕ್ ಬಕೆಟ್ಟಿನ ಹಸಿರು. ಅಲ್ಟ್ರಾಮರೀನ್ ನೀಲಿಗೆ ಹಳದಿ, ಜೊತೆಗೆ ಸ್ವಲ್ಪವೇ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿ, ರೊಬಸ್ಟಾ ಕಾಫಿ ಎಲೆಯ ಬಣ್ಣ ಬರುತ್ತದೆ. ಹಳದಿ ಬಿಟ್ಟರೆ ಮೋಡದ ಬೂದು. ಅದು ಇಲ್ಲಿಗೂ ಆಗುತ್ತದೆ, ಮಡಿಕೇರಿಗೂ ಆಗುತ್ತದೆ.

ಜನವರಿಯಲ್ಲಿ ನ್ಯಾಷನಲ್ ಗ್ಯಾಲರಿಗೆ ಹೋಗಿ. ಹೆನ್ರಿ ವಾನ್ ಎಂಬ ಚಿತ್ರ ಸಂಗ್ರಾಹಕ, ಇಂಗ್ಲಿಷ್ ಚಿತ್ರಕಾರ ಟರ್ನರ್‌ನ 38 ವಾಟರ್ ಕಲರ್ ಚಿತ್ರಗಳನ್ನು ಕೊಟ್ಟುಹೋಗಿದ್ದಾನೆ. ಬೆಳಕು ಮಂಕಾಗಿರುವ ಜನವರಿಯಲ್ಲಿ ಮಾತ್ರ, ಅದೂ ಪುಕ್ಕಟೆ ತೋರಿಸಬೇಕು ಅಂತ ಅವನ ಷರತ್ತು. ಅಜ್ಜಿ ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಲು ಬಿಡುತ್ತಿರಲಿಲ್ಲ, ಅಲ್ವಾ? ಅದೇ ಲೆಕ್ಕ.

ಇನ್ನೊಂದು. ಹೊರಡುವ ಮುಂಚೆ ಮನೆಯಂಗಳದಲ್ಲಿ ಕೂತು ಒಂದು ಸ್ಕೆಚ್ ಮಾಡಿಕೊಳ್ಳಿ. ನಾನು ಮಾಡಲಿಲ್ಲ. ಇಲ್ಲೇ ಹುಟ್ಟಿದ ಮಗಳು ಮನೆ ಬರೆದರೆ ಮೇಲೆ ಚಿಮಣಿ ಇಡುತ್ತಾಳೆ. ಮುಂದೆ ಕಾಫಿ ಒಣಗಿಸುವ ಕಣ ಇರಲ್ಲ. ನಮ್ಮ ಮನೆ ಹೀಗಿತ್ತು ಅಂತ ತೋರಿಸಲು ಪೆನ್ಸಿಲ್ ಹಿಡಿದೆ. ಜಗಲಿಗೆ ಎಷ್ಟು ಮೆಟ್ಟಿಲು ಅಂತಲೇ ನೆನಪಾಗಲಿಲ್ಲ. ಹುಟ್ಟಿದಾಗಿನಿಂದ ಹತ್ತಿಳಿದ ಮೆಟ್ಟಿಲು! ಸುಂಟಿಕೊಪ್ಪಕ್ಕೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ.

"ಯಾವ ಮೆಟ್ಟಿಲೋ?" ಅಂದರು. "ಅಪ್ಪನಿಗೆ ಮಂಡಿನೋವು ಅಂತ ಹೋದ ವರ್ಷವೇ ಒಡೆಸಿ ಇಳಿಜಾರು ಮಾಡಿಸಿದೆವಲ್ಲ. ದುಡ್ಡು ನೀನೇ ಕಳಿಸಿದ್ದೆ."