ಇಲಿ ಮೆದುಳಿನ ಸ್ಟೆಮ್ ಸೆಲ್: ಉಂಡೆ ಗುಂಡಗಿದ್ದರೆ ಸಾಲದು

ಇಲಿಯ ನರ ಸ್ಟೆಮ್ ಸೆಲ್‌ಗಳನ್ನು, ಅಂದರೆ ಮೆದುಳಿನ ಬೇರೆಬೇರೆ ಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶಗಳನ್ನು, ನಾನು ಬೆಳೆಸುವುದು ನ್ಯೂರೋಸ್ಫಿಯರ್ ವಿಧಾನದಲ್ಲಿ. ಜೀವಕೋಶಗಳು ಪ್ಲೇಟಿಗೆ ಅಂಟದೆ, ಮೀಡಿಯಾದಲ್ಲಿ (ಪೋಷಕ ದ್ರವದಲ್ಲಿ) ತೇಲುತ್ತಲೇ ಸಣ್ಣ ಉಂಡೆಗಳಾಗುತ್ತವೆ. 1992ರಲ್ಲಿ ರೆನಾಲ್ಡ್ಸ್ ಮತ್ತು ವೈಸ್ ಬೆಳೆದ ಇಲಿಯ ಮೆದುಳಿನಿಂದಲೇ ಇದನ್ನು ಮಾಡಿ ತೋರಿಸಿದ್ದರು.

ನಾನು ತೆಗೆಯುವುದು 14 ದಿನದ ಭ್ರೂಣದ ಕಾರ್ಟೆಕ್ಸ್‌ನಿಂದ (ಮೆದುಳಿನ ಹೊರಪದರದಿಂದ). ಆಗ ಅಲ್ಲಿ ವಿಭಜನೆಯಾಗುವ ಕೋಶ ಜಾಸ್ತಿ. ಅಂಗಾಂಶವೂ ಮೆತ್ತಗಿರುತ್ತದೆ, ಎಂಜೈಮ್ ಇಲ್ಲದೆ ಪಿಪೆಟ್‌ನಲ್ಲೇ ಬಿಡಿಸಬಹುದು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪದೆ ಇಲಿ ಮುಟ್ಟುವ ಹಾಗಿಲ್ಲ, ಅರ್ಜಿ ಮೊದಲೇ ಹಾಕಿಡಿ. ಭ್ರೂಣ ತೆಗೆದ ಮೇಲೆ ಎಲ್ಲವೂ ಐಸ್ ಮೇಲೆ. ಮೆದುಳಿನ ಮೇಲಿನ ಪೊರೆ ಸುಲಿಯುವಾಗ ಮಾತ್ರ ನಾನು ಅವಸರ ಮಾಡುವುದಿಲ್ಲ. ಚೂರು ಉಳಿದರೂ ಫೈಬ್ರೊಬ್ಲಾಸ್ಟ್ (ಪೊರೆಯ ಅಂಗಾಂಶದ ಕೋಶ), ರಕ್ತನಾಳದ ಕೋಶ ಎಲ್ಲ ಜೊತೆಗೆ ಬಂದುಬಿಡುತ್ತವೆ. ಪಿಪೆಟ್‌ನಲ್ಲಿ ಎಳೆದು ಬಿಡುವಾಗ ನೊರೆ ಏಳಬಾರದು, ಕೋಶ ಸಾಯುತ್ತವೆ.

ಮೀಡಿಯಾ ಅಂದರೆ ಡಿಎಂಇಎಂ/ಎಫ್12 ಎಂಬ ಮೂಲ ದ್ರವ, ಬಿ27 ಎಂಬ ಪೋಷಕ ಮಿಶ್ರಣ, ಸ್ವಲ್ಪ ಹೆಪಾರಿನ್, ಮತ್ತೆ ಇಜಿಎಫ್, ಎಫ್‌ಜಿಎಫ್-2 ಎಂಬ ಎರಡು ಬೆಳವಣಿಗೆ ಅಂಶಗಳು (ಕೋಶ ವಿಭಜನೆಯಾಗುವಂತೆ ಮಾಡುವ ಪ್ರೋಟೀನ್‌ಗಳು) ತಲಾ ಮಿಲಿಲೀಟರಿಗೆ 20 ನ್ಯಾನೊಗ್ರಾಂ. ಸೀರಮ್ (ರಕ್ತದಿಂದ ತೆಗೆದ ದ್ರವ) ಬೇಡವೇ ಬೇಡ. ಸೀರಮ್ ಸೇರಿದರೆ ಕೋಶಗಳು ತಳಕ್ಕೆ ಅಂಟಿ ಆಸ್ಟ್ರೋಸೈಟ್ (ನ್ಯೂರಾನ್‌ಗೆ ಆಸರೆಯಾಗುವ ಕೋಶ) ಆಗತೊಡಗುತ್ತವೆ. ಎಫ್‌ಜಿಎಫ್-2 37 ಡಿಗ್ರಿಯಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಮತ್ತೆ ಹಾಕುತ್ತೇನೆ. ದುಬಾರಿ ಅಂತ ಇದರಲ್ಲಿ ಜಿಪುಣತನ ತೋರಿಸುವವರು ಆಮೇಲೆ ಇನ್‌ಕ್ಯುಬೇಟರನ್ನು ಬೈಯುತ್ತಾರೆ.

ಮೀಡಿಯಾ ಹಾಕುವ ದಿನ ಬಿಟ್ಟು ಉಳಿದ ಹೊತ್ತು ಪ್ಲೇಟನ್ನು ಸುಮ್ನೆ ಬಿಡಿ. ಅಲುಗಾಡಿದರೆ ಉಂಡೆಗಳು ಒಂದಕ್ಕೊಂದು ಅಂಟಿ ಒಂದೇ ಆಗುತ್ತವೆ. ಆಮೇಲೆ ಇದು ಒಂದೇ ಕೋಶದಿಂದ ಬೆಳೆದದ್ದು ಎಂದು ಹೇಗೆ ಹೇಳುತ್ತೀರಿ? ಅಂಥ ಲೆಕ್ಕ ಬೇಕಿದ್ದರೆ ಕೋಶಗಳನ್ನು ತೀರಾ ವಿರಳವಾಗಿ ಹಾಕಬೇಕು.

ಪ್ಯಾಸೇಜ್ ಮಾಡಲು, ಅಂದರೆ ಉಂಡೆ ಬಿಡಿಸಿ ಕೋಶಗಳನ್ನು ಹೊಸ ಪ್ಲೇಟಿಗೆ ಹಾಕಲು, ನಾನು ಕ್ಯಾಲೆಂಡರ್ ನೋಡುವುದಿಲ್ಲ, ಉಂಡೆಯ ಗಾತ್ರ ನೋಡುತ್ತೇನೆ. ಸುಮಾರು 100ರಿಂದ 150 ಮೈಕ್ರಾನ್ ಇದ್ದಾಗ ಅಕ್ಯುಟೇಸ್ ಎಂಬ ಎಂಜೈಮ್ ದ್ರವ ಹಾಕಿ ಬಿಡಿಸುತ್ತೇನೆ. ನಡುವೆ ಕಪ್ಪಾಗಿದ್ದರೆ ತಡವಾಯಿತು ಎಂದೇ ಅರ್ಥ. ಒಳಗಿನವರೆಗೆ ಆಮ್ಲಜನಕ ಮುಟ್ಟದೆ ಅಲ್ಲಿನ ಕೋಶ ಸಾಯುತ್ತಿರುತ್ತವೆ.

ಇನ್ನು ಉಂಡೆ ಎಣಿಸಿ "ಇಷ್ಟು ಸ್ಟೆಮ್ ಸೆಲ್ ಇವೆ" ಎನ್ನುವ ಗ್ರಾಫ್‌ಗಳನ್ನು ನಾನು ನಂಬುವುದಿಲ್ಲ. ಉಂಡೆಯಲ್ಲಿ ನಿಜವಾದ ಸ್ಟೆಮ್ ಸೆಲ್ ಸ್ವಲ್ಪವೇ, ಉಳಿದವು ಪ್ರೊಜೆನಿಟರ್‌ಗಳು, ಅಂದರೆ ಕೆಲವೇ ಸಲ ವಿಭಜನೆಯಾಗಬಲ್ಲ ಮರಿ ಕೋಶಗಳು. ಅವೂ ಒಂದಷ್ಟು ದಿನ ಉಂಡೆ ಕಟ್ಟುತ್ತವೆ, ಅಲ್ವಾ? ಅದಕ್ಕೇ ಹಲವು ಪ್ಯಾಸೇಜ್ ದಾಟಿಸಿ, ಆಮೇಲೆ ಲ್ಯಾಮಿನಿನ್ (ಕೋಶ ಅಂಟಲು ನೆರವಾಗುವ ಪ್ರೋಟೀನ್) ಹಚ್ಚಿದ ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಮೇಲೆ ಬೆಳವಣಿಗೆ ಅಂಶಗಳಿಲ್ಲದ ಮೀಡಿಯಾದಲ್ಲಿ ಬಿಡುತ್ತೇನೆ. ನ್ಯೂರಾನ್‌ಗೆ ಟಿಯುಜೆ1, ಆಸ್ಟ್ರೋಸೈಟ್‌ಗೆ ಜಿಎಫ್‌ಎಪಿ, ಆಲಿಗೊಡೆಂಡ್ರೊಸೈಟ್‌ಗೆ (ನರತಂತುವಿಗೆ ಹೊದಿಕೆ ಸುತ್ತುವ ಕೋಶ) ಒ4, ಹೀಗೆ ಆಯಾ ಕೋಶವನ್ನು ಗುರುತಿಸುವ ಸ್ಟೇನ್. ನಿಜವಾದ ಸ್ಟೆಮ್ ಸೆಲ್ ಈ ಮೂರೂ ಬಗೆಯ ಕೋಶ ಕೊಡುತ್ತದೆ, ಹಾಗಾಗಿ ಮೂರೂ ಕಾಣಬೇಕು. ಒ4 ಹಿಡಿಯುವುದು ಕೋಶದ ಪೊರೆಯ ಲಿಪಿಡನ್ನು (ಕೊಬ್ಬಿನಂಥ ಅಂಶವನ್ನು), ಹಾಗಾಗಿ ಆ ಲಿಪಿಡನ್ನು ಕರಗಿಸುವ ಟ್ರೈಟಾನ್ ಎಂಬ ಡಿಟರ್ಜೆಂಟನ್ನು ಆ ಸ್ಲಿಪ್‌ಗೆ ಮೊದಲೇ ಹಾಕಬೇಡಿ. ಒ4 ಕೋಶಗಳು ಸಿಗುವುದೂ ಕಡಿಮೆ, ಎರಡು ಮೂರು ಜಾಗ ನೋಡಿ ಇಲ್ಲ ಅನ್ನದೆ ಇಡೀ ಸ್ಲಿಪ್ ಹುಡುಕಿ.