ಫ್ರೇಮ್‌ವರ್ಕ್ ಇಲ್ಲದ ಹಳೆಯ ಪಿಎಚ್‌ಪಿಗೆ ಹೊರಗಿನಿಂದ ಟೆಸ್ಟ್: ನನ್ನ ಅನುಭವ

ಪತ್ತಿನ ಸಹಕಾರ ಸಂಘಗಳಿಗಾಗಿ ನಾವು ಇಬ್ಬರು ಸೇರಿ ನೋಡಿಕೊಳ್ಳುತ್ತಿರುವ ತಂತ್ರಾಂಶವು ಯಾವ ಫ್ರೇಮ್‌ವರ್ಕ್‌ನ (ಸಿದ್ಧ ಚೌಕಟ್ಟಿನ) ಆಸರೆಯೂ ಇಲ್ಲದೆ ಪಿಎಚ್‌ಪಿ ಎಂಬ ವೆಬ್ ಭಾಷೆಯ ಬಿಡಿಬಿಡಿ ಕಡತಗಳಾಗಿ ಬೆಳೆದಿದೆ. ಸದಸ್ಯತ್ವ, ಪಿಗ್ಮಿ, ಮುದ್ದತು ಠೇವಣಿ, ಸಾಲದ ಕಂತು, ದಂಡ ಬಡ್ಡಿ, ವರ್ಷಾಂತ್ಯದ ಲೆಕ್ಕ ಎಲ್ಲ ಸೇರಿ ಕಡತಗಳು ಸುಮಾರು ಮುನ್ನೂರೈವತ್ತು ಇರಬಹುದು. ಇವನ್ನೆಲ್ಲ ಪಿಎಚ್‌ಪಿ 7.4ರಿಂದ 8.1ಕ್ಕೆ ಒಂದೇ ವಾರಾಂತ್ಯದಲ್ಲಿ ದಾಟಿಸಿದೆವು. ಸೋಮವಾರ ಕೌಂಟರ್ ತೆರೆದಾಗ ಯಾವ ಸಂಘದಿಂದಲೂ ದೂರು ಬರಲಿಲ್ಲ. ಅದು ಸಾಧ್ಯವಾದದ್ದು ಅದಕ್ಕೂ ಮೊದಲು ಒಂದೂವರೆ ವರ್ಷ ಕೂತು ಕಟ್ಟಿದ ಸ್ವಯಂಚಾಲಿತ ಟೆಸ್ಟ್‌ಗಳಿಂದ. ಇಂಥ ಕೋಡಿಗೆ ಟೆಸ್ಟ್ ಬರೆಯಲಾಗುವುದಿಲ್ಲ, ಮೊದಲು ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ ಹೊಸದಾಗಿ ಬರೆಯಿರಿ ಎಂದು ಬಲ್ಲವರೇ ಹಲವರು ಹೇಳಿದ್ದರು. ಹಾಗೆ ಬರೆಯುವುದಕ್ಕೆ ಬಂದ ಅಂದಾಜು ಒಂಬತ್ತು ಲಕ್ಷದ ಆಸುಪಾಸು. ಎಲ್ಲ ಸಂಘಗಳ ವಾರ್ಷಿಕ ನಿರ್ವಹಣಾ ಶುಲ್ಕವನ್ನು ಕೂಡಿಸಿದರೂ ಅದರ ಅರ್ಧ ಆಗುವುದಿಲ್ಲ. ಆದ್ದರಿಂದ ಆ ದಾರಿ ನಮಗೆ ಮೊದಲಿನಿಂದಲೂ ಮುಚ್ಚಿತ್ತು.

ಎಲ್ಲರಂತೆ ನಾವೂ ಮೊದಲು ಪಿಎಚ್‌ಪಿಯೂನಿಟ್ ಎಂಬ ಟೆಸ್ಟ್ ಸಾಧನ ಹಾಕಿ, ಟೆಸ್ಟ್ ಕಡತದೊಳಗೆ ಸ್ಕ್ರಿಪ್ಟನ್ನು ಇನ್‌ಕ್ಲೂಡ್ ಮಾಡಿ (ಒಳಕ್ಕೆ ಸೇರಿಸಿ), ಔಟ್‌ಪುಟ್ ಬಫರಿನಲ್ಲಿ ಬಂದದ್ದನ್ನು ಪರಿಶೀಲಿಸುವ ಕ್ರಮ ಹಿಡಿದೆವು. ಹೆಡರ್ (ಪುಟಕ್ಕಿಂತ ಮೊದಲು ಹೋಗುವ ಮಾಹಿತಿ) ಈಗಾಗಲೇ ಹೋಗಿದೆ ಎಂಬ ಎಚ್ಚರಿಕೆ ಮೊದಲ ದಿನವೇ ಎದುರಾಯಿತು. ಪಿಎಚ್‌ಪಿಯೂನಿಟ್‌ನ ಔಟ್‌ಪುಟ್ ಅನ್ನು ಸ್ಟ್ಯಾಂಡರ್ಡ್ ಎರರ್ ಕಡೆಗೆ ತಿರುಗಿಸಿದರೆ ಅದು ಶಮನವಾಗುತ್ತದೆ ಎಂಬುದು ಬಹಳ ಜನರಿಗೆ ತಿಳಿದಿದೆ. ಅದಕ್ಕಿಂತ ಅಪಾಯಕಾರಿಯಾದದ್ದು ಎಕ್ಸಿಟ್, ಅಂದರೆ ಸ್ಕ್ರಿಪ್ಟನ್ನು ಅಲ್ಲೇ ಮುಗಿಸುವ ಆಜ್ಞೆ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಪುಟವನ್ನು ಬೇರೆಡೆಗೆ ಕಳುಹಿಸಿದ ಕೂಡಲೇ ಎಕ್ಸಿಟ್ ಬರೆಯುವುದು ವಾಡಿಕೆ. ಇನ್‌ಕ್ಲೂಡ್ ಮಾಡಿದ ಸ್ಕ್ರಿಪ್ಟ್ ಎಕ್ಸಿಟ್ ಆದಾಗ ಅದರೊಂದಿಗೆ ಪಿಎಚ್‌ಪಿಯೂನಿಟ್‌ನ ಪ್ರಕ್ರಿಯೆಯೇ ಮುಗಿದುಹೋಗುತ್ತದೆ, ಅದೂ ಸೊನ್ನೆ ಎಂಬ ಯಶಸ್ಸಿನ ಸಂಕೇತದೊಂದಿಗೆ. ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ ಕೊನೆಯ ಸಾರಾಂಶದ ಸಾಲು ಬರುತ್ತಿರಲಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಸುಳಿವೇ ಇರಲಿಲ್ಲ. ಇನ್ನೂರು ಟೆಸ್ಟ್‌ಗಳಲ್ಲಿ ಮೂವತ್ತು ಮಾತ್ರ ಓಡಿದ್ದರೂ ಕೋಡ್ ಇಟ್ಟು ಟೆಸ್ಟ್ ಓಡಿಸುವ ಗಿಟ್‌ಹಬ್‌ನಲ್ಲಿ ಎಲ್ಲ ಸರಿ ಎಂಬ ಹಸಿರು ಗುರುತು ಬೀಳುತ್ತಿತ್ತು. ಪ್ರತಿ ಟೆಸ್ಟ್ ಅನ್ನೂ ಪ್ರತ್ಯೇಕ ಪ್ರಕ್ರಿಯೆಯಲ್ಲಿ ಓಡಿಸಿದರೆ ಇದು ಬಯಲಾಗುತ್ತದೆ ನಿಜ, ಆದರೆ ಆಗ ಎಕ್ಸಿಟ್ ಇರುವ ಪ್ರತಿ ಪುಟವೂ ಸೋತಂತೆ ತೋರುತ್ತದೆ, ವೇಗವೂ ಕುಸಿಯುತ್ತದೆ.

ಡೇಟಾಬೇಸಿಗಾಗಿ ಯಂತ್ರದ ಮೆಮೊರಿಯಲ್ಲೇ ಓಡುವ ಎಸ್‌ಕ್ಯೂಲೈಟ್ ಎಂಬ ಕಿರು ಡೇಟಾಬೇಸ್ ಅನ್ನು ಇಟ್ಟು ನೋಡಿದ್ದೂ ಕೈಗೂಡಲಿಲ್ಲ. ನಮ್ಮ ವರದಿಗಳೆಲ್ಲ ನಾವು ಬಳಸುವ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡೇಟ್_ಫಾರ್ಮ್ಯಾಟ್ ಮತ್ತು ಆನ್ ಡೂಪ್ಲಿಕೇಟ್ ಕೀ ಮೇಲೆ ನಿಂತಿವೆ; ಎರಡೂ ಅಲ್ಲಿ ಇಲ್ಲ. ಅವನ್ನು ಅನುಕರಿಸಲು ಕೋಡ್ ಬರೆಯುತ್ತ ಹೋದರೆ ಟೆಸ್ಟ್ ಆಗುವುದು ನಮ್ಮ ಅನುಕರಣೆಯೇ ಹೊರತು ಸಂಘದ ಲೆಕ್ಕವಲ್ಲ. ಬ್ರೌಸರನ್ನು ತಾನೇ ನಡೆಸುವ ಸೆಲೆನಿಯಂ ಹಿಡಿದು ಓಡಿಸಿದ್ದಕ್ಕೆ ಬಾಡಿಗೆ ಯಂತ್ರವೊಂದಕ್ಕೆ ತಿಂಗಳಿಗೆ ನಾಲ್ಕು ಸಾವಿರದಂತೆ ಕೆಲವು ತಿಂಗಳು ಹಣ ಹೋಯಿತು. ಒಮ್ಮೆ ಗೆದ್ದದ್ದು ಮತ್ತೊಮ್ಮೆ ಕಾರಣವಿಲ್ಲದೆ ಸೋಲುತ್ತಿತ್ತು, ಸೋತರೆ ಯಾರೂ ನಂಬುತ್ತಿರಲಿಲ್ಲ. ಯಾರೂ ನಂಬದ ಟೆಸ್ಟ್‌ಗೆ ಬಾಡಿಗೆ ಕಟ್ಟುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಕೊನೆಗೆ ಫಲಿಸಿದ ದಾರಿ ಹೀಗಿದೆ. ಟೆಸ್ಟ್ ನಮ್ಮ ಪಿಎಚ್‌ಪಿ ಸ್ಕ್ರಿಪ್ಟಿನ ಒಳಗೆ ಹೋಗುವುದೇ ಇಲ್ಲ. ಪಿಎಚ್‌ಪಿಯ ಜೊತೆಗೇ ಬರುವ ಕಿರು ವೆಬ್ ಸರ್ವರನ್ನು ಟೆಸ್ಟ್ ಆರಂಭಕ್ಕೆ ಮೊದಲು ಎಬ್ಬಿಸಿ, ಗಜಲ್ (Guzzle) ಎಂಬ ಲೈಬ್ರರಿಯ ಮೂಲಕ ನಿಜವಾದ ವೆಬ್ ವಿನಂತಿಯನ್ನೇ ಕಳುಹಿಸಿ, ಬಂದ ಎಚ್‌ಟಿಎಂಎಲ್ ಪುಟವನ್ನು ನಾವು ಮೊದಲೇ ಒಪ್ಪಿ ಇಟ್ಟುಕೊಂಡ ಪುಟದೊಂದಿಗೆ ಸಾಲುಸಾಲಾಗಿ ಹೋಲಿಸುತ್ತೇವೆ. ಸ್ಕ್ರಿಪ್ಟ್ ಎಕ್ಸಿಟ್ ಆದರೂ ಹೆಡರ್ ಕಳುಹಿಸಿದರೂ ಅದು ಬೇರೆ ಪ್ರಕ್ರಿಯೆಯ ವಿಷಯ. ಇದರಿಂದ ಸಿಕ್ಕ ದೊಡ್ಡ ಲಾಭವೇನೆಂದರೆ, ಪಿಎಚ್‌ಪಿಯೂನಿಟ್ ಯಾವ ಆವೃತ್ತಿಯ ಮೇಲೆ ಓಡುತ್ತದೆ ಎಂಬುದಕ್ಕೂ ಸರ್ವರ್ ಯಾವ ಆವೃತ್ತಿಯದು ಎಂಬುದಕ್ಕೂ ಸಂಬಂಧವೇ ಉಳಿಯಲಿಲ್ಲ. ಒಂದೇ ಟೆಸ್ಟ್‌ಗಳನ್ನು ಒಮ್ಮೆ 7.4ರ ಸರ್ವರಿನ ಮೇಲೆ, ಒಮ್ಮೆ 8.1ರ ಸರ್ವರಿನ ಮೇಲೆ ಓಡಿಸಿ ಎರಡರ ಪುಟಗಳನ್ನು ಎದುರುಬದುರು ಇಡಬಹುದಾಯಿತು.

ಆ ಕಿರು ಸರ್ವರಿಗೆ ಅಪಾಚೆ ಎಂಬ ವೆಬ್ ಸರ್ವರಿನ ಎಚ್‌ಟಿಆಕ್ಸೆಸ್ ಎಂಬ ನಿಯಮಗಳ ಕಡತ ಅರ್ಥವಾಗುವುದಿಲ್ಲ. ಅಲ್ಲಿದ್ದ ವಿಳಾಸ ಮರುಬರಹದ ನಿಯಮಗಳನ್ನು ಇಪ್ಪತ್ತು ಸಾಲಿನ ಒಂದು ರೌಟರ್ ಸ್ಕ್ರಿಪ್ಟಿಗೆ ಇಳಿಸಬೇಕಾಯಿತು. ಇನ್ನೊಂದು ತೊಡಕು ಹೆಚ್ಚು ಸಮಯ ತಿಂದಿತು. ನಮ್ಮ ರಸೀದಿಯ ಸ್ಕ್ರಿಪ್ಟ್ ತನ್ನದೇ ಸೈಟಿನ ಮತ್ತೊಂದು ಪುಟವನ್ನು ಕರ್ಲ್ (ವೆಬ್ ಪುಟ ತರಿಸುವ ಸಾಧನ) ಮೂಲಕ ತರಿಸಿಕೊಂಡು ಪಿಡಿಎಫ್ ಮಾಡುತ್ತದೆ. ಕಿರು ಸರ್ವರ್ ಒಂದು ಹೊತ್ತಿಗೆ ಒಂದೇ ವಿನಂತಿಯನ್ನು ನೋಡುವುದರಿಂದ, ರಸೀದಿ ತನ್ನ ಉತ್ತರಕ್ಕಾಗಿ ತಾನೇ ಕಾಯುತ್ತ ನಿಂತುಬಿಡುತ್ತಿತ್ತು. 7.4ರಿಂದ ಬಂದಿರುವ ಏಕಕಾಲಕ್ಕೆ ಎಷ್ಟು ವರ್ಕರ್‌ಗಳು (ವಿನಂತಿ ನೋಡುವ ಪ್ರಕ್ರಿಯೆಗಳು) ಎಂದು ಹೇಳುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ನಾಲ್ಕು ಎಂದು ಕೊಟ್ಟ ಮೇಲೆ ಸರಿಹೋಯಿತು. ವಿಂಡೋಸ್‌ನಲ್ಲಿ ಈ ಸೌಲಭ್ಯ ಇಲ್ಲದ್ದರಿಂದ ಸಹೋದ್ಯೋಗಿಯ ಯಂತ್ರದಲ್ಲಿ ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡೆವು. ಪಿಡಿಎಫ್ ಅನ್ನೇ ಹೋಲಿಸುವ ಆಸೆ ಬಿಡಬೇಕಾಯಿತು, ಏಕೆಂದರೆ ಪಿಡಿಎಫ್‌ನಿಂದ ಅಕ್ಷರ ತೆಗೆದಾಗ ಕನ್ನಡದ ಒತ್ತಕ್ಷರಗಳೂ ಸ್ವರಚಿಹ್ನೆಗಳೂ ಅಸ್ತವ್ಯಸ್ತವಾಗಿ ಬರುತ್ತವೆ. ಪಿಡಿಎಫ್ ಆಗುವುದಕ್ಕೆ ಮುಂಚಿನ ಎಚ್‌ಟಿಎಂಎಲ್ ಅನ್ನೇ ಹಿಡಿದು ಹೋಲಿಸುತ್ತೇವೆ.

ಸರ್ವರ್ ಬೇರೆ ಪ್ರಕ್ರಿಯೆಯಾದ್ದರಿಂದ ಒಳಗೆ ಬೀಳುವ ಎಚ್ಚರಿಕೆಗಳು ಪಿಎಚ್‌ಪಿಯೂನಿಟ್‌ಗೆ ಕಾಣುವುದಿಲ್ಲ. ಇದಕ್ಕೆ ಆಟೋ ಪ್ರಿಪೆಂಡ್ ಸೌಲಭ್ಯದಿಂದ ಪ್ರತಿ ಸ್ಕ್ರಿಪ್ಟಿನ ಮೊದಲು ಒಂದು ಸಣ್ಣ ಕಡತವನ್ನು ಓಡಿಸಿ, ಅದರಲ್ಲಿ ಎರರ್ ಹ್ಯಾಂಡ್ಲರ್ ಕೂರಿಸಿ, ನೋಟಿಸ್ ಎಂಬ ಚಿಕ್ಕ ಎಚ್ಚರಿಕೆ ಆದರೂ ಸರಿ ಒಂದು ಲಾಗ್ ಕಡತಕ್ಕೆ ಬರೆಸುತ್ತೇವೆ. ಪ್ರತಿ ಟೆಸ್ಟಿನ ಕೊನೆಗೆ ಆ ಕಡತ ಖಾಲಿಯಿಲ್ಲದಿದ್ದರೆ ಪುಟ ಹೊಂದಿದ್ದರೂ ಟೆಸ್ಟ್ ಸೋತಂತೆ. ಮೊದಲ ಸಲ ಓಡಿಸಿದಾಗ ಬಂದ ಸಾಲುಗಳು ಐದಾರು ಸಾವಿರ ಇದ್ದಿರಬೇಕು. ಬಹುತೇಕ ಎಲ್ಲವೂ ಅರೇಯಲ್ಲಿ (ಪಟ್ಟಿಯಲ್ಲಿ) ಇಲ್ಲದ ಕೀಲಿಯನ್ನು ಓದಿದ್ದು. ಅವನ್ನು ತೊಳೆಯಲು ಹಿಡಿದ ಮೂರು ತಿಂಗಳು ಈ ಇಡೀ ಕೆಲಸದ ಅತ್ಯಂತ ಬೇಸರದ, ಆದರೆ ಅತ್ಯಂತ ಲಾಭದ ಭಾಗ.

ಡೇಟಾಬೇಸ್ ನಿಜವಾದ ಮೈಎಸ್‌ಕ್ಯೂಎಲ್ 8.0. ತಂತ್ರಾಂಶವನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ಅದರ ಡೇಟಾ ಫೋಲ್ಡರನ್ನು ಟೆಂಪ್‌ಎಫ್‌ಎಸ್ ಮೇಲೆ, ಅಂದರೆ ಪೂರ್ತಿ ರ‍್ಯಾಮ್‌ನಲ್ಲಿ ಇಟ್ಟಿದ್ದೇವೆ. ಇಪ್ಪತ್ತು ನಿಮಿಷ ಹಿಡಿಯುತ್ತಿದ್ದದ್ದು ಆರೇಳು ನಿಮಿಷಕ್ಕೆ ಇಳಿಯಿತು. ಟೆಸ್ಟ್ ಮುಗಿದಾಗ ರೋಲ್‌ಬ್ಯಾಕ್ ಮಾಡುವ, ಅಂದರೆ ಬದಲಾವಣೆಗಳನ್ನು ಹಿಂತೆಗೆಯುವ ಪ್ರಚಲಿತ ಉಪಾಯ ಇಲ್ಲಿ ನಡೆಯದು, ಏಕೆಂದರೆ ಸ್ಕ್ರಿಪ್ಟ್ ತನ್ನದೇ ಕನೆಕ್ಷನ್ ತೆರೆಯುತ್ತದೆ. ಮೇಲಾಗಿ ನಮ್ಮ ಕೆಲವು ಹಳೆಯ ಕೋಷ್ಟಕಗಳು ಮೈಐಸ್ಯಾಮ್ ಎಂಬ ಹಳೆಯ ಬಗೆಯವು, ಅವಕ್ಕೆ ರೋಲ್‌ಬ್ಯಾಕ್ ಎಂಬುದೇ ಇಲ್ಲ. ನಾವು ಮಾಡುವುದು ಇಷ್ಟು: ಯಾವ ಟೆಸ್ಟ್ ಯಾವ ಕೋಷ್ಟಕಗಳನ್ನು ಮುಟ್ಟಿತು ಎಂಬುದನ್ನು ತಿಳಿದುಕೊಂಡು ಅವನ್ನು ಮಾತ್ರ ಮೂಲಸ್ಥಿತಿಗೆ ತರುತ್ತೇವೆ. ಅದನ್ನು ತಿಳಿದುಕೊಳ್ಳುವ ಬಗೆ ನಮ್ಮ ಅಂಗಡಿಯ ಗುಟ್ಟು, ಅದನ್ನಿಲ್ಲಿ ಬಿಚ್ಚುವುದಿಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಪಿಎಚ್‌ಪಿಯೂನಿಟ್‌ನ ಎಕ್ಸ್‌ಎಂಎಲ್ ಕಡತದಲ್ಲಿ ಡೇಟಾಬೇಸಿನ ಹೆಸರು ಕೊಡುವಾಗ ಫೋರ್ಸ್ ಎಂಬ ಗುಣವನ್ನು ಟ್ರೂ ಮಾಡದಿದ್ದರೆ, ಯಂತ್ರದಲ್ಲಿ ಮೊದಲೇ ಇದ್ದ ಹೆಸರೇ ಗೆಲ್ಲುತ್ತದೆ. ಆದ್ದರಿಂದ ಟೆಸ್ಟ್‌ಗಳಿಗೆ ಮುಂಚೆ ಓಡುವ ನಮ್ಮ ಬೂಟ್‌ಸ್ಟ್ರ್ಯಾಪ್ ಕಡತದ ಮೊದಲ ಸಾಲುಗಳು, ಡೇಟಾಬೇಸಿನ ಹೆಸರು ‘_ಟೆಸ್ಟ್’ ಎಂದು ಕೊನೆಗೊಳ್ಳದಿದ್ದರೆ ಅಲ್ಲೇ ನಿಲ್ಲಿಸುತ್ತವೆ. ಜನರ ಠೇವಣಿ ಇರುವ ಡೇಟಾಬೇಸಿನ ಮೇಲೆ ಟೆಸ್ಟ್ ಓಡುವ ಸಾಧ್ಯತೆಯನ್ನು ಯಾರ ಎಚ್ಚರಿಕೆಯ ಮೇಲೂ ಬಿಡಬಾರದು.

ಪುಟದಲ್ಲಿ ಪ್ರತಿ ಸಲ ಬದಲಾಗುವ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮಿನ ಸುರಕ್ಷತಾ ಗುರುತು), ಸೆಷನ್ ಗುರುತು ಮೊದಲಾದವನ್ನು ಹೋಲಿಕೆಗೆ ಮೊದಲು ಅಳಿಸುತ್ತೇವೆ. ದಿನಾಂಕವನ್ನು ಮಾತ್ರ ಅಳಿಸಲಿಲ್ಲ, ಏಕೆಂದರೆ ಬಡ್ಡಿಯ ಲೆಕ್ಕವೆಲ್ಲ ದಿನಾಂಕದ ಮೇಲೆಯೇ ನಿಂತಿದೆ. ಅದರ ಬದಲು ಕಿರು ಸರ್ವರನ್ನು ಫೇಕ್‌ಟೈಮ್ ಎಂಬ ಸಾಧನದ ಅಡಿಯಲ್ಲಿ ಎಬ್ಬಿಸಿ ಬೇಕಾದ ದಿನಕ್ಕೆ ಗಡಿಯಾರ ನಿಲ್ಲಿಸುತ್ತೇವೆ. ಈಗಿನ ಸಮಯ ಕೊಡುವ ಮೈಎಸ್‌ಕ್ಯೂಎಲ್‌ನ ನೌ ಫಂಕ್ಷನ್‌ಗೆ ಇದು ತಟ್ಟುವುದಿಲ್ಲ. ಅಲ್ಲಿ ಸೆಷನ್ನಿನ ಟೈಮ್‌ಸ್ಟ್ಯಾಂಪ್ ವೇರಿಯಬಲ್ ಅನ್ನು ನಿಗದಿ ಮಾಡಬೇಕು, ಆ ನಿಗದಿಯನ್ನು ಲೆಕ್ಕಿಸದ ಸಿಸ್‌ಡೇಟ್ ಬಳಸಿದ ಕಡೆಯಲ್ಲೆಲ್ಲ ನೌ ಎಂದು ತಿದ್ದಬೇಕು. ಏಪ್ರಿಲ್ 1ರ ಮಧ್ಯರಾತ್ರಿ ಕಳೆದು ಹತ್ತು ನಿಮಿಷಕ್ಕೆ ಗಡಿಯಾರ ನಿಲ್ಲಿಸಿದ ಟೆಸ್ಟ್ ಮೊದಲ ಸಲವೇ ಸೋತಿತು. ಪಿಎಚ್‌ಪಿ ಭಾರತೀಯ ಕಾಲಮಾನದಲ್ಲಿತ್ತು, ಡೇಟಾಬೇಸ್ ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿತ್ತು. ಬೆಳಗಿನ ಐದೂವರೆಯವರೆಗೆ ಒಂದು ಕಡೆ ಹೊಸ ಆರ್ಥಿಕ ವರ್ಷ, ಇನ್ನೊಂದು ಕಡೆ ಮಾರ್ಚ್ 31. ರಾತ್ರಿಯೇ ಓಡುವ ಬಡ್ಡಿ ಜಮೆಯ ಸ್ಕ್ರಿಪ್ಟ್ ರಸೀದಿಗೆ ಹೊಸ ವರ್ಷದ ಸಂಖ್ಯೆ ಕೊಟ್ಟು ನಮೂದನ್ನು ಹಳೆಯ ವರ್ಷಕ್ಕೆ ಹಾಕುತ್ತಿತ್ತು. ಕೆಲವು ಸಂಘಗಳ ಲೆಕ್ಕಪರಿಶೋಧಕರು ವರ್ಷವರ್ಷವೂ ಎತ್ತುತ್ತಿದ್ದ ಒಂದು ಆಕ್ಷೇಪದ ಮೂಲ ಇದೇ ಆಗಿತ್ತು.

ಹಣದ ಲೆಕ್ಕಕ್ಕೆ ಮಾತ್ರ ಒಂದೊಂದೇ ಫಂಕ್ಷನ್ ನೋಡುವ ಪ್ರತ್ಯೇಕ ಯೂನಿಟ್ ಟೆಸ್ಟ್‌ಗಳಿವೆ. ಅವು ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಪ್ರತಿ ಕಮಿಟ್‌ಗೂ (ಕೋಡಿನ ಬದಲಾವಣೆ ದಾಖಲಿಸಿದಾಗಲೆಲ್ಲ) ಓಡುತ್ತವೆ. ₹19.99 ಅನ್ನು ನೂರರಿಂದ ಗುಣಿಸಿ ಪೂರ್ಣಾಂಕ ಮಾಡಿದರೆ ಪಿಎಚ್‌ಪಿ 1999ರ ಬದಲು 1998 ಪೈಸೆ ಕೊಡುತ್ತದೆ ಎಂಬುದನ್ನು ಬಲ್ಲವರಿಗೆ ಈ ಟೆಸ್ಟ್‌ಗಳು ಏಕೆ ಬೇಕೆಂದು ಹೇಳಬೇಕಾಗಿಲ್ಲ.

8.1ರ ಸರ್ವರಿನ ಮೇಲೆ ಓಡಿಸಿದಾಗ ಒಪ್ಪಿದ ಸುಮಾರು ಸಾವಿರದ ನೂರು ಪುಟಗಳಲ್ಲಿ ಎಂಬತ್ತರಷ್ಟು ಬೇರೆಯಾಗಿ ಬಂದವು. ಹೆಚ್ಚಿನವು ಎರಡೇ ಕಾರಣಕ್ಕೆ. ಖಾಲಿ ಬಿಟ್ಟ ಫಾರ್ಮ್ ಅಂಕಣವನ್ನು ಎರಡು ಸಮಚಿಹ್ನೆಯಿಂದ ಸೊನ್ನೆಗೆ ಹೋಲಿಸಿದರೆ 7.4ರಲ್ಲಿ ಸರಿ ಎನ್ನುತ್ತಿತ್ತು, 8ರಿಂದ ತಪ್ಪು ಎನ್ನುತ್ತದೆ. ಗುಮಾಸ್ತರು ದಂಡ ಬಡ್ಡಿಯ ಅಂಕಣ ಖಾಲಿ ಬಿಟ್ಟರೆ ದಂಡವಿಲ್ಲ ಎಂದಾಗಬೇಕಾದಲ್ಲಿ ನಿಯಮದ ದರ ಬಿದ್ದು, ಕಂತಿನ ರಸೀದಿಯಲ್ಲಿ ಮೊತ್ತವೇ ಏರಿತ್ತು. ಇದು ಯಾವ ಎಚ್ಚರಿಕೆಯನ್ನೂ ಹಾಕುವುದಿಲ್ಲ; ಪುಟ ಹೋಲಿಸದೆ ಸಿಗುತ್ತಿರಲೇ ಇಲ್ಲ. ಎರಡನೆಯದು, 8.1ರಿಂದ ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಮೈಎಸ್‌ಕ್ಯೂಎಲ್‌ಐ ದೋಷವಾದಾಗ ತಾನಾಗಿಯೇ ಎಕ್ಸೆಪ್ಶನ್ ಎಸೆಯುತ್ತದೆ, ಅದನ್ನು ಹಿಡಿಯದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ರಸೀದಿ ಸಂಖ್ಯೆ ಈಗಾಗಲೇ ಇದ್ದರೆ ಕ್ವೆರಿ ಫಾಲ್ಸ್ ಕೊಡುತ್ತದೆ, ಆಗ ಮುಂದಿನ ಸಂಖ್ಯೆ ಹಿಡಿಯೋಣ ಎಂದು ಬರೆದಿದ್ದ ಕಡೆಯಲ್ಲೆಲ್ಲ ಪುಟ ಬಿಳಿಯಾಗಿ ನಿಂತಿತು. ಲಾರಾವೆಲ್ ಹೇಳಿದ್ದ ಸ್ನೇಹಿತರೊಬ್ಬರಿಗೆ ಈ ಎಂಬತ್ತು ವ್ಯತ್ಯಾಸಗಳ ಪಟ್ಟಿಯನ್ನು ತೋರಿಸಿದೆ. ಈಗ ಅವರೂ ತಮ್ಮ ಶಾಲಾ ಶುಲ್ಕದ ತಂತ್ರಾಂಶಕ್ಕೆ ಇದೇ ಕ್ರಮ ಹಿಡಿದಿದ್ದಾರೆ.

ಒಪ್ಪುವ ಕೆಲಸಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇವೆ: ಕೋಡ್ ಬದಲಿಸಿದವರು ಪುಟವನ್ನು ಒಪ್ಪುವಂತಿಲ್ಲ. ಒಪ್ಪಿದ ಪುಟಗಳು ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲೇ ಇರುವುದರಿಂದ, ಬಡ್ಡಿ ದರದ ಒಂದು ಸಾಲು ಬದಲಾದರೆ ಯಾವ ಯಾವ ಸದಸ್ಯರ ರಸೀದಿಯಲ್ಲಿ ಎಷ್ಟು ಪೈಸೆ ಬದಲಾಯಿತು ಎಂಬುದು ಎದುರಿಗೇ ಕಾಣುತ್ತದೆ.

ಈ ನಡುವೆ ಕನ್ನಡದ ಕಡೆಗೂ ಸ್ವಲ್ಪ ಹೊರಳಿದೆ. ಸದಸ್ಯರ ಹೆಸರನ್ನು ಬೈಟ್ ಲೆಕ್ಕದ ಸಬ್‌ಸ್ಟ್ರ್‌ನಿಂದ ಕತ್ತರಿಸುತ್ತಿದ್ದ ಪಟ್ಟಿಯೊಂದು ಆಗಾಗ ಖಾಲಿ ಬರುತ್ತಿತ್ತು. ‘ಕೃಷ್ಣ’ ಎಂಬುದು ಬೈಟ್ ಎಣಿಸುವ ಸ್ಟ್ರ್‌ಲೆನ್‌ಗೆ 15, ಯೂನಿಕೋಡ್ ಸಂಕೇತ ಎಣಿಸುವ ಎಂಬಿ_ಸ್ಟ್ರ್‌ಲೆನ್‌ಗೆ 5. ಬೈಟ್‌ಗಳ ನಡುವೆ ಕತ್ತರಿಸಿದರೆ ಡೇಟಾವನ್ನು ಪಠ್ಯವಾಗಿಸುವ ಜೇಸನ್ ಎನ್‌ಕೋಡ್ ಸದ್ದಿಲ್ಲದೆ ಫಾಲ್ಸ್ ಕೊಡುತ್ತದೆ. ಹುಡುಕಾಟದಲ್ಲೂ ಇಂಥದೇ ತೊಂದರೆ ಇತ್ತು: ‘ೋ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಮೂರು ತುಂಡುಗಳಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಉಳಿಸುವ ಮುನ್ನ ಎನ್‌ಎಫ್‌ಸಿ, ಅಂದರೆ ತುಂಡುಗಳನ್ನು ಕೂಡಿಸಿದ ರೂಪಕ್ಕೆ ತಂದು, ಎರಡೂ ಬಗೆಯ ‘ಗೋಪಾಲ’ರನ್ನು ಟೆಸ್ಟ್ ಡೇಟಾದಲ್ಲಿ ಕೂರಿಸಿದ್ದೇವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೆಯ ಸದಸ್ಯರ ಪಟ್ಟಿಯನ್ನು ಯೂನಿಕೋಡಿಗೆ ತರುವ ಸ್ಕ್ರಿಪ್ಟಿಗೂ ಟೆಸ್ಟ್ ಬರೆದೆ. ಅರ್ಕಾವತ್ತು ನುಡಿಯ ಕಡತದಲ್ಲಿ ಅಕ್ಷರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ‘ರ್’ ಮುಂಚೆ ಬರಬೇಕು, ‘ಧರ್ಮ’ದಂಥ ಹೆಸರುಗಳು ಅಲ್ಲಿಯೇ ಒಡೆಯುತ್ತಿದ್ದವು. ಕವರೇಜ್, ಅಂದರೆ ಟೆಸ್ಟ್‌ಗಳಲ್ಲಿ ಕೋಡಿನ ಎಷ್ಟು ಭಾಗ ಓಡಿತು ಎಂಬುದನ್ನು ಅಳೆಯಲು ಅದೇ ಆಟೋ ಪ್ರಿಪೆಂಡ್ ಕಡತದಲ್ಲಿ ಪಿಕೋವ್ ಎಂಬ ಸಾಧನ ಸೇರಿಸಿ ನೋಡಿದೆ. ಅರವತ್ತು ಪ್ರತಿಶತದ ಆಸುಪಾಸು ಬಂತು. ಉಳಿದದ್ದರಲ್ಲಿ ಬಹುಪಾಲು ಯಾರೂ ತೆರೆಯದ ವರದಿಗಳು, ಅವುಗಳಲ್ಲಿ ನಲವತ್ತರಷ್ಟನ್ನು ಸಂಘಗಳನ್ನು ಕೇಳಿ ತೆಗೆದೇ ಹಾಕಿದೆವು.

ಖರ್ಚಿನ ವಿಷಯ. ಖಾಸಗಿ ರೆಪೊಗೆ (ಕೋಡ್ ಭಂಡಾರಕ್ಕೆ) ಗಿಟ್‌ಹಬ್ ಟೆಸ್ಟ್ ಓಡಿಸಲು ತಿಂಗಳಿಗೆ 2000 ನಿಮಿಷ ಉಚಿತ ಕೊಡುತ್ತದೆ. ಎರಡು ಆವೃತ್ತಿಯ ಮೇಲೆ ಪ್ರತಿ ಕಮಿಟ್‌ಗೂ ಓಡಿಸಿದಾಗ ಅದು ಮೂರನೆಯ ವಾರಕ್ಕೇ ತೀರುತ್ತಿತ್ತು. ಹದಿನೈದು ಸಾವಿರದೊಳಗೆ ಸಿಕ್ಕ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ 16 ಜಿಬಿ ರ‍್ಯಾಮ್ ಮತ್ತು ಯುಪಿಎಸ್ ಹಾಕಿ ಅದನ್ನೇ ಟೆಸ್ಟ್ ಓಡಿಸುವ ಯಂತ್ರ, ಅಂದರೆ ರನ್ನರ್ ಮಾಡಿಕೊಂಡಿದ್ದೇವೆ. ಪುಟಗಳ ಟೆಸ್ಟ್‌ಗಳನ್ನು ರಾತ್ರಿ ಕ್ರಮ ತಪ್ಪಿಸಿ, ಅಂದರೆ ರ‍್ಯಾಂಡಮ್ ಆಗಿ ಓಡಿಸುತ್ತೇವೆ. ಸೋತರೆ ಆ ಕ್ರಮವನ್ನು ಹುಟ್ಟಿಸಿದ ಸೀಡ್ ಸಂಖ್ಯೆಯನ್ನೇ ಕೊಟ್ಟು ಬೆಳಿಗ್ಗೆ ಮತ್ತೆ ಅದೇ ಕ್ರಮದಲ್ಲಿ ಓಡಿಸಬಹುದು. ಈಗ ಅದೇ ಪುಟಗಳನ್ನು 8.3ರ ಸರ್ವರಿಗೆ ಕೊಟ್ಟಿದ್ದೇನೆ. ಲಾಗ್ ಕಡತದಲ್ಲಿ ತುಂಬಿರುವುದು ಘೋಷಿಸದ ಪ್ರಾಪರ್ಟಿಗಳ ಮೇಲಿನ ಡೆಪ್ರಿಕೇಶನ್ (ಮುಂದೆ ಕೈಬಿಡಲಾಗುವುದು ಎಂಬ) ಸಾಲುಗಳು ಮತ್ತು ನುಡಿ ಪರಿವರ್ತನೆಯಲ್ಲಿ ಉಳಿದಿರುವ ಯುಟಿಎಫ್8_ಎನ್‌ಕೋಡ್ ಫಂಕ್ಷನ್ನಿನ ಮೇಲಿನ ಅಂಥದೇ ಸಾಲುಗಳು. ಮೊತ್ತ ಬದಲಾದ ಪುಟ ಇದುವರೆಗೆ ಒಂದೂ ಕಂಡಿಲ್ಲ. ಈ ಸಲದ ಲೆಕ್ಕಪರಿಶೋಧನೆ ಮುಗಿದ ಮೇಲೆ ದಾಟಿಸುತ್ತೇವೆ.