ಕೊನೆಯ ಗುಂಡಿ ಅವರೇ ಹಾಕಿಕೊಳ್ಳಲಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾನು ನೋಡಿಕೊಳ್ಳುವವರಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ. ವಯಸ್ಸು ನಲವತ್ತು ದಾಟಿದೆ. ಧಾರವಾಡ ಕಡೆಯ ಮನೆತನ. ತಂದೆ ರೈಲ್ವೆಯಿಂದ ನಿವೃತ್ತರಾದವರು, ತಾಯಿಗೆ ಮಂಡಿನೋವು. ಮನೆಯವರು, ನೆರೆಹೊರೆಯವರು ಎಲ್ಲರೂ ಇವರನ್ನು ‘ಪುಟ್ಯಾ’ ಅಂತಲೇ ಕರೆಯೋದು. ನಾನು ಮಾತ್ರ ಸೇರಿದ ದಿನದಿಂದ ‘ಅಣ್ಣಾ’ ಅನ್ನುತ್ತೇನೆ. ಗಡ್ಡ ಬಿಳಿಯಾಗುತ್ತಿರುವ ಗಂಡಸಿನ ಅಂಗಿಯನ್ನು ಕೇಳದೆ ಬಿಚ್ಚುವುದು, ಬಾತ್‌ರೂಮಿನ ಬಾಗಿಲು ತೆರೆದಿಟ್ಟೇ ನೀರು ಹಾಕುವುದು ನನಗೆ ಸರಿ ಕಾಣುವುದಿಲ್ಲ. ‘ಬೆನ್ನು ಉಜ್ಜಲಾ?’ ಎಂದು ಕೇಳಿ, ಅವರು ತಿರುಗಿ ನಿಂತ ಮೇಲೇ ಕೈ ಹಚ್ಚುತ್ತೇನೆ.

ಅಂಗಿ ಹಾಕಿಕೊಳ್ಳುವುದನ್ನು ನಾನು ಕಲಿಸಿದ್ದು ಕೊನೆಯಿಂದ. ತೋಳು ತೂರಿಸುವುದು, ಕಾಲರ್ ಸರಿಮಾಡುವುದು, ಮೇಲಿನ ಗುಂಡಿಗಳು, ಎಲ್ಲ ನಾನೇ. ಕೆಳಗಿನ ಕೊನೆಯ ಗುಂಡಿಯನ್ನು ಮಾತ್ರ ಕಾಜಾದೊಳಗೆ ಅರ್ಧ ತೂರಿಸಿ ಬಿಟ್ಟುಬಿಡುತ್ತಿದ್ದೆ. ಅಣ್ಣ ಅದನ್ನು ಹೆಬ್ಬೆರಳಿನಿಂದ ಒತ್ತಿ ಆಚೆ ಎಳೆದುಕೊಂಡರೆ ಕೆಲಸ ಮುಗಿಯಿತು, ಮುಗಿಸಿದವರು ಅವರೇ. ಅದು ಕೈಗೆ ಹತ್ತಿದ ಮೇಲೆ ಅದರ ಮೇಲಿನದು, ಆಮೇಲೆ ಇನ್ನೊಂದು. ಮೊದಲಿನಿಂದ ಕಲಿಸಲು ಹೊರಟರೆ ನಡುವೆಯೇ ಬೇಸರ ಬಂದು, ದಿನವೂ ‘ನನಗ ಬರೂದಿಲ್ಲ’ ಅನ್ನುವುದೇ ಉಳಿಯುತ್ತದೆ. ಡೌನ್ ಸಿಂಡ್ರೋಮ್ ಇರುವವರ ಬೆರಳುಗಳು ಸಾಮಾನ್ಯವಾಗಿ ಗಿಡ್ಡ, ಸ್ನಾಯುಗಳಲ್ಲಿ ಬಿಗಿ ಕಡಿಮೆ. ಹಾಗಾಗಿ ದರ್ಜಿಗೆ ಹೇಳಿ ದೊಡ್ಡ ಗುಂಡಿ ಹಾಕಿಸಿದೆವು.

ಕಷ್ಟದ ಕೆಲಸವೆಂದರೆ ಸುಮ್ಮನಿರುವುದು. ಒಂದು ಮಾತು ಹೇಳಿದರೆ ಅದು ಅವರ ಮನಸ್ಸಿಗೆ ಹೋಗಿ ಕೈಗೆ ಇಳಿಯಲು ಹೊತ್ತು ಬೇಕು. ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ನಡುವೆ ಅದೇ ಮಾತನ್ನು ಬೇರೆ ಥರ ಹೇಳಿದರೆ ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕು. ಅಮ್ಮನವರಿಗೆ ಈ ಕಾಯುವಿಕೆ ತಡೆಯುತ್ತಿರಲಿಲ್ಲ. ‘ನೀನೇ ಹಾಕಿಬಿಡಪಾ, ಲಗೂನ ಆಗ್ತದ’ ಅನ್ನುತ್ತಿದ್ದರು. ಲಗೂ ಆಗುತ್ತದೆ, ನಿಜ. ಆದರೆ ಕೈಯಲ್ಲಿ ಉಳಿದಿರುವ ಶಕ್ತಿಯನ್ನೂ ನಾವೇ ಕಸಿದುಕೊಂಡ ಹಾಗಾಗುತ್ತದೆ.

ಇನ್ನೊಂದು ಸಂಗತಿಯನ್ನು ಎಲ್ಲ ಮನೆಯವರಿಗೂ ಒತ್ತಿ ಹೇಳುತ್ತೇನೆ. ಹಠ ಎನ್ನುವ ಮೊದಲು ಮೈ ನೋಡಿ. ನೋವನ್ನು ಬಾಯಿಬಿಟ್ಟು ಹೇಳಲಾರದವರು ತಟ್ಟೆ ತಳ್ಳುತ್ತಾರೆ, ಹೊಡೆಯುತ್ತಾರೆ, ತಲೆ ಬಡಿದುಕೊಳ್ಳುತ್ತಾರೆ. ಹುಳುಕು ಹಲ್ಲು, ಕಿವಿನೋವು, ಮಲಬದ್ಧತೆ, ಇವನ್ನು ನಾನು ಮೊದಲು ನೋಡುತ್ತೇನೆ. ಒಂದು ಮಳೆಗಾಲದಲ್ಲಿ ಅಣ್ಣ ಮಂಕಾದರು. ಸ್ನಾನಕ್ಕೆ ಏಳರು, ಮಾತಿಲ್ಲ, ತಾವೇ ಮಾಡಿಕೊಳ್ಳುತ್ತಿದ್ದ ಕೆಲಸಗಳೂ ನಿಂತವು. ವಯಸ್ಸಾಯಿತು, ಮರೆವು ಶುರುವಾಗಿದೆ ಎಂದರು ನೆಂಟರು. ಡೌನ್ ಸಿಂಡ್ರೋಮ್ ಇರುವವರಲ್ಲಿ ಆಲ್‌ಝೈಮರ್ ಬೇಗ ಬರಬಹುದು, ನಲವತ್ತು–ಐವತ್ತರಲ್ಲೇ ಲಕ್ಷಣ ಕಾಣುವುದುಂಟು. ಆದರೆ ಇವರಲ್ಲಿ ಥೈರಾಯ್ಡ್ ಕುಂದುವುದೂ ಸಾಮಾನ್ಯ, ಅದಕ್ಕೆ ಮದ್ದಿದೆ. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡೇ ಎಂದು ಗೊತ್ತಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಅದಾಗಿ ಅರ್ಧ ಗಂಟೆ ಬಿಟ್ಟು ಚಹಾ. ಆ ಅರ್ಧ ಗಂಟೆ ಮೊದಮೊದಲು ಯುದ್ಧವೇ ಆಗಿತ್ತು. ಗಡಿಯಾರದ ಮೇಲೆ ಕೆಂಪು ಚೀಟಿ ಅಂಟಿಸಿ, ಮುಳ್ಳು ಅಲ್ಲಿಗೆ ಬಂದಾಗ ಚಹಾ ಎಂದು ತೋರಿಸಿದ ಮೇಲೆ ದಾರಿಗೆ ಬಂತು. ಬರಬರುತ್ತಾ ಅಣ್ಣ ಚುರುಕಾದರು. ಈಗ ವರ್ಷಕ್ಕೊಮ್ಮೆ ಥೈರಾಯ್ಡ್ ಜೊತೆ ಕಣ್ಣು, ಕಿವಿಯನ್ನೂ ತೋರಿಸುತ್ತೇವೆ.

ಮೊದಲು ಪುಣೆಯಲ್ಲಿ ಕೆಲಸ ಮಾಡಿದ ಕಡೆ ಹಲವರಿಗೆ ಫಿಟ್ಸ್ ಇತ್ತು. ಅಲ್ಲಿ ಕಲಿತದ್ದು ಇಷ್ಟು: ಗಡಿಯಾರ ನೋಡಿಕೊಳ್ಳಬೇಕು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಬೇಕು, ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಕೂಡದು. ಐದು ನಿಮಿಷ ಮೀರಿದರೆ ಆಸ್ಪತ್ರೆ. ಕೈಗೆ ಕಬ್ಬಿಣ ಕೊಡುವವರು ಈಗಲೂ ಇದ್ದಾರೆ, ಅದರಿಂದ ಏನೂ ಆಗುವುದಿಲ್ಲ.

‘ನಮ್ಮ ಹಿಂದ ಇವನ್ನ ಯಾರು ನೋಡ್ತಾರ?’ ಎಂಬ ಅಮ್ಮನವರ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಕಾಗದಪತ್ರದ ಮಟ್ಟಿಗಾದರೂ ಗಟ್ಟಿ ಮಾಡೋಣ ಎಂದೆ. ಮಗನಿಗೆ 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ ಎಂಬುದು ಅವರಿಗೆ ತಿಳಿದಿರಲಿಲ್ಲ. ಬೌದ್ಧಿಕ ಅಂಗವೈಕಲ್ಯದಂಥ ತೊಂದರೆ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ನಮಗೆ ಅದು ಠಾಣೆ ಜಿಲ್ಲೆ. ಅದೇ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಸೇರುವ ಮೊದಲು ವೈದ್ಯಕೀಯ ತಪಾಸಣೆ ಕೇಳುವುದಿಲ್ಲ. ತಾನೇ ದುಡಿದು ಬದುಕಲಾಗದ ಮಗನಿಗೆ ತಂದೆಯ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗುತ್ತದೆ. ಇದನ್ನು ತಂದೆ ಇರುವಾಗಲೇ ದಾಖಲೆ ಮಾಡಿಸಿಡಬೇಕು, ಆಮೇಲೆ ಓಡಾಡುವುದು ಬಹಳ ಕಷ್ಟ. ಸಹಿ ಹಾಕುವ ದಿನ ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿ, ಏನು ನಡೆಯುತ್ತಿದೆ ಎಂದು ಸಣ್ಣ ಸಣ್ಣ ಮಾತಲ್ಲಿ ಹೇಳಿದೆ.

ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಮಾತ್ರೆಯ ಹೊತ್ತು, ನಿದ್ದೆ, ಸಂಡಾಸ್, ಸಿಟ್ಟು ಬಂದರೆ ಅದಕ್ಕೆ ಮುಂಚೆ ಏನು ನಡೆಯಿತು, ಎಲ್ಲ ಅದರಲ್ಲಿರುತ್ತದೆ. ಭಾನುವಾರ ನನಗೆ ರಜೆ, ಆವತ್ತು ಬರುವ ಹುಡುಗ ಮೊದಲು ಅದನ್ನು ಓದುತ್ತಾನೆ. ಮೊದಲ ಪುಟದಲ್ಲಿ ಅಣ್ಣನಿಗೆ ಏನು ಇಷ್ಟ ಎಂದು ಬರೆದಿದೆ. ಕಾಯಿಲೆಗಳ ಪಟ್ಟಿ ಎರಡನೆಯ ಪುಟದಿಂದ.